ಝಂಪೆಗೆ ಏಳಕ್ಷರ

ನನಗೆ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಕನಿಕರ ಪಡುವವರು ಪಟ್ಟು ಮುಗಿಸುತ್ತಾರೆ, ಆಮೇಲೆ ನೆಮ್ಮದಿಯಾಗಿ ಮಾತಾಡಬಹುದು.

ಕೊಟ್ಟಾರದ ಒಂದು ಕಚೇರಿಯಲ್ಲಿ ನಾನು ಟೆಲಿಫೋನ್ ಆಪರೇಟರ್. ಸಂಜೆ ಹಾಡು ಕಲಿಯುತ್ತೇನೆ. ಎಂಟು ವರ್ಷದ ಹಿಂದೆ ಸಂಗೀತದ ಜೂನಿಯರ್ ಪರೀಕ್ಷೆ ಪಾಸಾದೆ. ಶಾಸ್ತ್ರದ ಪತ್ರಿಕೆಯಲ್ಲಿ ನೂರಕ್ಕೆ ತೊಂಬತ್ತೆರಡು! ನಾನು ಹೇಳಿದ್ದನ್ನು ಬರೆದವನು ಚಿಕ್ಕಪ್ಪನ ಮಗ ಬಾಲಚಂದ್ರ. ಮನೆಯಲ್ಲಿ ಪಾಯಸ ಮಾಡಿದ ದಿನ ಅವನೇ ನಗುತ್ತ ಬಾಯಿಬಿಟ್ಟ, "ನೀನು ನಾಲ್ಕೈದು ಕಡೆ ತಪ್ಪು ಹೇಳಿದ್ದಿ ಮಾರಾಯ, ನಾನೇ ಸರಿ ಮಾಡಿ ಬರೆದೆ."

ಅವನದು ಪ್ರೀತಿಯೇ. ಆದರೆ ನಾನು ಪಾಯಸದ ಲೋಟ ಕೆಳಗಿಟ್ಟೆ. ನಾಲ್ಕೋ, ಐದೋ, ಐವತ್ತೋ? ಯಾರನ್ನು ಕೇಳಲಿ? ಆ ಅಂಕವನ್ನು ಯಾರಾದರೂ ಹೊಗಳಿದಾಗೆಲ್ಲ ಮೈ ಉರಿಯುತ್ತಿತ್ತು.

ಈ ವರ್ಷ ಸೀನಿಯರ್ ಪರೀಕ್ಷೆಗೆ ಕಟ್ಟಿದಾಗ ನನ್ನದು ಒಂದೇ ಹಟ. ಪಾಸೋ ಫೇಲೋ, ಅದು ನನ್ನದೇ ಆಗಿರಬೇಕು. ಬರೆದುಕೊಡುವವರಿಗೆ ಸಂಗೀತ ಗೊತ್ತಿರಬಾರದೆಂಬ ನಿಯಮವೂ ಈಗ ಬಂದಿತ್ತು. ನಮ್ಮ ಕುಟುಂಬದಲ್ಲಿ ಹಾಡದವರನ್ನು ಹುಡುಕುವುದೇ ಕಷ್ಟ. ಕೊನೆಗೆ ಶಕ್ತಿನಗರದಲ್ಲಿ ನಮ್ಮ ಪಕ್ಕದ ಮನೆಯ ಗೆರ್ಟ್ರೂಡ್ ಟೀಚರನ್ನು ಕೇಳಿದೆ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು.

"ಸರಿಗಮ ಅಂದ್ರೆ ಎಂತ ಅಂತ ನನಗೆ ಗೊತ್ತಿಲ್ಲ ಭಟ್ರೇ," ಎಂದರು.

"ಅದಕ್ಕೇ ನೀವು ಬೇಕು ಟೀಚರ್."

ಎರಡು ತಿಂಗಳು ದಿನಾ ಸಂಜೆ ಅಭ್ಯಾಸ. ಮೇಲಿನ ಸ್ಥಾಯಿಯ ಸ್ವರಕ್ಕೆ ಅಕ್ಷರದ ಮೇಲೊಂದು ಚುಕ್ಕೆ, ಕೆಳಗಿನದಕ್ಕೆ ಕೆಳಗೊಂದು. "ನಿಮ್ಮ ಸ್ವರಗಳಿಗೆ ಬೊಟ್ಟು ಇಟ್ಟು ಇಟ್ಟು ಸಾಕಾಯ್ತು ಮಾರಾಯ್ರೆ," ಎಂದು ಗೊಣಗುತ್ತಿದ್ದರು, ಆದರೆ ಒಂದನ್ನೂ ಬಿಡುತ್ತಿರಲಿಲ್ಲ. ಪ್ರತಿ ಸಾಲನ್ನೂ ಓದಿ ಹೇಳುತ್ತಿದ್ದರು. ನಾನು ರೇಗಿದರೆ ಅವರು ನನಗಿಂತ ಜೋರಾಗಿ ರೇಗುತ್ತಿದ್ದರು. ಬಾಲಚಂದ್ರನ ಕತೆಯನ್ನು ಮಾತ್ರ ನಾನು ಹೇಳಲಿಲ್ಲ. ನಾಚಿಕೆ.

ಪರೀಕ್ಷೆ ಕದ್ರಿಯ ಬಳಿ. ನಮ್ಮಿಬ್ಬರಿಗೇ ಒಂದು ಬೇರೆ ಕೋಣೆ. ರಾಗಗಳ ಪ್ರಶ್ನೆ ಮುಗಿದು ಝಂಪೆ ತಾಳದ ಪ್ರಶ್ನೆ ಬಂತು. ಹೇಳುತ್ತಾ ಹೋದೆ. ಒಂದು ಕಡೆ ಟೀಚರ ಪೆನ್ನು ಗಕ್ಕನೆ ನಿಂತಿತು. ಇವರೂ ತಿದ್ದುತ್ತಾರೇನೋ ಎಂದು ಕಿವಿಗೊಟ್ಟೆ. ಸ್ವಲ್ಪ ಹೊತ್ತಿಗೆ ಪೆನ್ನಿನ ಸದ್ದು ಮತ್ತೆ ಶುರುವಾಯಿತು.

ಮರಳುವಾಗ ರಿಕ್ಷಾ ನಂತೂರು ದಾಟುತ್ತಿತ್ತು. ನನ್ನ ಕೈ ತನ್ನಷ್ಟಕ್ಕೆ ಮೊಣಕಾಲ ಮೇಲೆ ಝಂಪೆ ಹಾಕುತ್ತಿತ್ತು. ಏಳು, ಒಂದು, ಎರಡು. ಒಟ್ಟು ಹತ್ತು ಎಣಿಕೆ, ಅಂದರೆ ಹತ್ತಕ್ಷರ. ಥಟ್ಟನೆ ಹೊಳೆಯಿತು.

"ಟೀಚರ್, ಝಂಪೆಗೆ ಒಟ್ಟು ಎಷ್ಟು ಅಕ್ಷರ ಅಂತ ಬರೆದಿರಿ?"

"ಏಳು. ನೀವು ಹೇಳಿದ್ದು ಏಳು."

"ಹತ್ತಲ್ವಾ!"

"ಹತ್ತೇ. ಎರಡು ತಿಂಗಳಿಂದ ಕೇಳ್ತಾ ಇದ್ದೇನೆ, ಅಷ್ಟು ಗೊತ್ತಾಗುದಿಲ್ವಾ? ಬಾಯಲ್ಲಿ ಏಳು ಹೇಳುವಾಗ ನಿಮ್ಮ ಕೈ ಬೆಂಚಿನ ಮೇಲೆ ಹತ್ತು ಹಾಕ್ತಾ ಇತ್ತು."

"ಮತ್ತೆ?"

"ಮತ್ತೆ ಎಂತ? ಹತ್ತು ಅಂತ ಬರಿಲಿಕ್ಕೆ ಹೊರಟಿದ್ದೆ. ತಡೆದುಕೊಂಡೆ. ಪರೀಕ್ಷೆ ನಿಮ್ಮದಲ್ವಾ ಭಟ್ರೇ? ನನ್ನದಾಗಿದ್ರೆ ಹತ್ತು ಬರೀತಿದ್ದೆ." ಆಮೇಲೆ ಮೆಲ್ಲಗೆ ಕೇಳಿದರು, "ಬೇಜಾರಾಯ್ತಾ?"

ಹುಟ್ಟಿದಂದಿನಿಂದ ನನ್ನ ಕೈ ಹಿಡಿದು ರಸ್ತೆ ದಾಟಿಸಿದವರು, ಮೀನೇ ಇಲ್ಲದ ನನ್ನ ತಟ್ಟೆಯಲ್ಲೂ ಮುಳ್ಳು ಹುಡುಕಿದವರು ಎಷ್ಟೋ ಮಂದಿ. ನನ್ನ ತಪ್ಪನ್ನು ನನಗೇ ಬಿಟ್ಟುಕೊಟ್ಟವರು ಇವರೊಬ್ಬರೇ. ರಿಕ್ಷಾದಲ್ಲೇ ಕೈಮುಗಿದೆ. ಬಾಲಚಂದ್ರನ ಕತೆಯನ್ನು ಆಗ ಹೇಳಿದೆ. ಟೀಚರ್ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಫಲಿತಾಂಶ ಬಂದ ದಿನ ಫೋನು ಓದಿ ಹೇಳಿತು. ಶಾಸ್ತ್ರದಲ್ಲಿ ಅರವತ್ತೊಂದು, ಪಾಸು. ಕಂಪೌಂಡಿನ ಈಚೆಯಿಂದಲೇ ಟೀಚರನ್ನು ಕೂಗಿ ಹೇಳಿದೆ.

"ಅಯ್ಯೋ, ಕಮ್ಮಿ ಆಯ್ತಲ್ಲ ಭಟ್ರೇ!" ಎಂದು ಅವರು ಪೇಚಾಡಿಕೊಂಡರು.

"ಇರಲಿ ಟೀಚರ್, ಅರವತ್ತೊಂದೂ ನನ್ನದೇ," ಎಂದೆ.