ಕಚ್ಚಿದ ನಾನ್ ಯಾರ ಕೈಗೆ?

ಓಶ್ ಊರಿನ ಹಳೆಯ ಬಸ್ ನಿಲ್ದಾಣದ ಗೋಡೆಗೆ ಒರಗಿದಂತೆ ನನ್ನ ನಾನ್ ರೊಟ್ಟಿಯ ಗಾಡಿ ನಿಲ್ಲುತ್ತದೆ. ಘಾಟಿ ಹತ್ತಿ ರಾಜಧಾನಿ ಬಿಷ್ಕೆಕ್‌ಗೆ ಹೋಗುವ ಬಾಡಿಗೆ ಕಾರುಗಳು ಹೊರಡುವುದು ಅಲ್ಲಿಂದಲೇ. ದೂರ ಹೊರಟವರು ನಾನ್‌ನ ಅಂಚನ್ನು ಒಂದು ಸಲ ಕಚ್ಚಿ, ಉಳಿದದ್ದನ್ನು ಬೀಳ್ಕೊಡಲು ಬಂದವರ ಕೈಗೆ ಕೊಟ್ಟು ಹೋಗುತ್ತಾರೆ. ಅದು ಮನೆಯ ಗೋಡೆಯಲ್ಲಿ ತೂಗುತ್ತಿರುತ್ತದೆ; ಹೋದವರು ಬಂದು ತಿಂದು ಮುಗಿಸಬೇಕು. ಹೊರಡುವ ಗಡಿಬಿಡಿಯಲ್ಲಿ ಮನೆಯಲ್ಲಿ ಕಚ್ಚಲು ಮರೆತವರು ನನ್ನ ಗಾಡಿಗೆ ಬರುತ್ತಾರೆ. "ಹುರ್ಮತ್ ಓಪಾ ಊರಿನ ಮರೆವು ಮಾರಿ ಬದುಕ್ತಾಳೆ" ಎಂದು ಡ್ರೈವರ್ ಎರ್ಗಶ್ ನನ್ನನ್ನು ಆಡಿಕೊಳ್ಳುತ್ತಾನೆ; ಓಪಾ ಅಂದರೆ ಅಕ್ಕ.

ಜರ್ದಾಳು ಹಣ್ಣಿನ ಕಾಲ. ಒಂದು ಬೆಳಿಗ್ಗೆ ಹದಿನೆಂಟು ತುಂಬಿರಬಹುದಾದ ಹುಡುಗಿಯೊಬ್ಬಳು ಹೊಸ ಚಪ್ಪಲಿಯಲ್ಲಿ ಕಾಲೆಳೆಯುತ್ತ ಬಂದಳು. ಜೊತೆಗೆ ಕಪ್ಪು ಕನ್ನಡಕದ ಹೆಂಗಸು.

"ಮನೇಲಿ ನಾನ್ ಕಚ್ಚಿ ಬಂದ್ಯಾ ಮಗಳೇ?" ಎಂದೆ.

ಹುಡುಗಿ ಹೆಂಗಸಿನ ಮುಖ ನೋಡಿದಳು. "ಇಲ್ಲ."

"ಕೊಡಿ ಒಂದು, ಬೇಗ. ಮುದುಕರ ಶಾಸ್ತ್ರ ಮುಗೀಲಿ" ಎಂದಳು ಹೆಂಗಸು. ಹುಡುಗಿ ಕಚ್ಚಿದಳು. ಮಿಕ್ಕದ್ದನ್ನು ಹೆಂಗಸು ಕಿತ್ತುಕೊಂಡು ತನ್ನ ಚೀಲಕ್ಕೆ ತುರುಕಿದಳು.

ಇಷ್ಟು ಕಾಲ ವ್ಯಾಪಾರ ಮಾಡಿದ್ದೇನೆ, ಕಚ್ಚಿದ ನಾನ್ ಪ್ರಯಾಣಕ್ಕೆ ಹೊರಟದ್ದನ್ನು ಕಂಡಿರಲಿಲ್ಲ.

"ಅಯ್ಯೋ, ಅದನ್ನ ಮನೆಗೆ ಒಯ್ಯೋರು ಯಾರಮ್ಮಾ?"

"ನಾನು ಇವಳ ಚಿಕ್ಕಮ್ಮ. ನಾನೇ ಒಯ್ತೀನಿ."

"ನೀವೂ ಹೊರಟಿದ್ದೀರಲ್ಲ?"

"ನಿನ್ನ ಕೆಲ್ಸ ನೋಡ್ಕೋ ಮುದುಕಿ."

ಸಿಟ್ಟು ಬಂದರೆ ನಾನ್ ಸೀದುಹೋಗುತ್ತದೆ. ಇಬ್ಬರಿಗೂ ಚಹಾ ಬಗ್ಗಿಸಿದೆ. "ಯಾವೂರು? ಅಮ್ಮ ಬರ್ಲಿಲ್ವಾ?"

"ಅವರಮ್ಮಂಗೆ ಜ್ವರ" ಎಂದಳು ಹೆಂಗಸು. ಅದೇ ಉಸಿರಿಗೆ ಹುಡುಗಿ, "ಅರವಾನ್. ಅಮ್ಮ ತೋಟಕ್ಕೆ..." ಎಂದು ನಿಲ್ಲಿಸಿದಳು.

ಅವರು ಹೊರಟಿದ್ದು ಎರ್ಗಶ್‌ನ ಕಾರಿನಲ್ಲಿ; ಚಹಾ ಕೊಡುವ ನೆಪದಲ್ಲಿ ಹೋಗಿ ನನ್ನ ಅನುಮಾನವನ್ನು ಅವನ ಕಿವಿಯಲ್ಲಿ ಹೇಳಿ, ಕಾರು ಸ್ವಲ್ಪ ತಡೆ ಎಂದೆ. ಅವನ ಮುಖ ಸಪ್ಪಗಾಯಿತು. "ತುಂಬಿದ ಕಾರು ಓಪಾ. ನಿಜವಾದ ಚಿಕ್ಕಮ್ಮ ಆಗಿದ್ರೆ?"

"ಆಗಿದ್ರೆ ಒಂದು ಗಳಿಗೆ ತಡ ಆಗುತ್ತೆ, ಅಷ್ಟೇ."

ಅವನು ತಲೆ ಕೆರೆದುಕೊಂಡ. ಆಮೇಲೆ ನಿಲ್ದಾಣವೆಲ್ಲ ಕೇಳುವ ಹಾಗೆ ಕೂಗಿದ: "ಯಾರ್ರೀ ಅದು ಕಚ್ಚಿದ ನಾನ್ ಚೀಲದಲ್ಲಿ ಇಟ್ಕೊಂಡಿರೋದು? ಅದನ್ನ ಹೊತ್ಕೊಂಡು ನಾನು ಘಾಟಿ ಹತ್ತಲ್ಲ!"

"ಹತ್ತಬೇಡ, ಬ್ರೇಕ್ ಹೋಗುತ್ತೆ!" ಎಂದ ಇನ್ನೊಬ್ಬ ಡ್ರೈವರ್.

"ಅವನ ಬ್ರೇಕ್ ಹೋಗಿ ಎರಡು ವರ್ಷ ಆಯ್ತು, ಪಾಪ ನಾನ್‌ಗೆ ಯಾಕೆ ಬೈತೀರಾ!" ಎಂದ ಮಗದೊಬ್ಬ.

ಹೆಂಗಸು ಅವರೊಂದಿಗೆ ಜಗಳಕ್ಕಿಳಿದಳು. ನಾನು ಹುಡುಗಿಯ ಪಕ್ಕ ಕುಳಿತೆ. ಹೆಸರು ಗುಲ್ಬಹೋರ್ ಅಂತೆ.

"ಪಾಸ್‌ಪೋರ್ಟ್ ಯಾರ ಹತ್ರ ಇದೆ?"

"ಅಕ್ಕನ ಹತ್ರ."

"ಚಿಕ್ಕಮ್ಮ ಅಂದ್ಲಲ್ಲ?"

ಅವಳು ಚಪ್ಪಲಿ ನೋಡುತ್ತ ಹೇಳಿದಳು: "ಇಸ್ತಾಂಬುಲ್‌ನಲ್ಲಿ ಹೋಟೆಲ್ ಕೆಲ್ಸ. ತಲುಪಿದ ಮೇಲೆ ಅಮ್ಮಂಗೆ ಹೇಳು, ಖುಷಿ ಪಡ್ತಾಳೆ ಅಂದ್ರು."

ನಿನ್ನನ್ನು ಮಾರುತ್ತಾರೆ ಕಣೇ ಎಂಬ ಮಾತು ನಾಲಿಗೆ ತುದಿಗೆ ಬಂತು. ಅಂದಿದ್ದರೆ ಹಟಕ್ಕೆ ಬಿದ್ದು ಕಾರು ಹತ್ತುತ್ತಿದ್ದಳು. ಆ ವಯಸ್ಸೇ ಹಾಗೆ. "ಒಳ್ಳೇ ಕೆಲ್ಸಾನೇ ಇರಬಹುದು" ಎಂದೆ. "ಒಳ್ಳೇ ಕೆಲ್ಸ ಒಂದು ಫೋನ್ ಮಾಡಿದ್ರೆ ಓಡಿಹೋಗಲ್ಲ. ಅಮ್ಮಂಗೆ ಹೇಳಿ ಹೊರಡು."

"ನನ್ನ ಫೋನೂ ಅವರ ಹತ್ರಾನೇ ಇದೆ."

ನನ್ನದನ್ನು ಚಾಚಿದೆ. ಹೆಂಗಸಿನ ಕಡೆ ಒಮ್ಮೆ ನೋಡಿ ತೆಗೆದುಕೊಂಡಳು.

ಅಮ್ಮನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. "ಯಾವ ಚಿಕ್ಕಮ್ಮನೇ? ನಂಗೆ ತಂಗೀನೇ ಇಲ್ವಲ್ಲೇ! ಎಲ್ಲಿದ್ದೀಯಾ? ಅಲ್ಲೇ ಕೂತಿರು, ಏಳ್ಬೇಡ, ಬಂದೆ!"

ಹೆಂಗಸು ಓಡಿ ಬಂದಳು. "ಕೊಡೇ ಇಲ್ಲಿ ಆ ಫೋನು!"

ನಾನು ಅವಳ ಕೈ ಹಿಡಿಯಲಿಲ್ಲ, ಬೈಯಲೂ ಇಲ್ಲ. "ಹುಡುಗಿ ಪಾಸ್‌ಪೋರ್ಟ್, ಫೋನ್ ಎರಡೂ ಕೊಟ್ಟು ಹೋಗಿ ತಾಯಿ" ಎಂದೆ. ಎರ್ಗಶ್ ಅದನ್ನೇ ಹೇಳಿದ. ಅವನ ಹಿಂದೆ ಉಳಿದ ಡ್ರೈವರುಗಳು, ಸೂರ್ಯಕಾಂತಿ ಬೀಜದ ಅಜ್ಜಿ, ಮೂಟೆ ಹೊರುವವರು, ಎಲ್ಲರೂ ಸುತ್ತ ನಿಂತು ಅದನ್ನೇ ಹೇಳಿದರು. ಹೆಂಗಸು ಎರಡನ್ನೂ ನನ್ನ ಗಾಡಿಯ ಮೇಲೆ ಎಸೆದು, ರಸ್ತೆಯಾಚೆ ನಿಂತಿದ್ದ ಬಿಳಿ ಕಾರಿಗೆ ಹತ್ತಿದಳು. ಎರ್ಗಶ್ ಬೆನ್ನಟ್ಟಲಿಲ್ಲ. ಕಾರಿನ ನಂಬರನ್ನು ಪೊಲೀಸರಿಗೆ ಫೋನಿನಲ್ಲಿ ಹೇಳಿದ, ಹೆಂಗಸಿನ ಚಹರೆಯನ್ನೂ ಹೇಳಿದ.

ಗುಲ್ಬಹೋರ್ ನನ್ನ ಮೇಲೆ ತಿರುಗಿಬಿದ್ದಳು. "ನನ್ನ ಕೆಲ್ಸ ಹಾಳು ಮಾಡಿದ್ರಿ! ಇನ್ನು ಜನ್ಮ ಪೂರ್ತಿ ಜರ್ದಾಳು ಕೀಳ್ತಾ ಕೂರ್ಬೇಕು!"

"ಬೈಯಮ್ಮ. ಅಮ್ಮ ಬರೋವರೆಗೂ ಬೈತಿರು."

ಅತ್ತಳು. ಬಿಸಿ ಚಹಾ ಮುಂದಿಟ್ಟೆ, ಮುಟ್ಟಲಿಲ್ಲ. "ಸಬೋಹತ್‌ಗಾದ್ರೂ ಸಿಗುತ್ತೆ" ಎಂದು ಗೊಣಗಿದಳು.

"ಅದ್ಯಾರು?"

"ನನ್ನ ಜೊತೆ ಓದಿದೋಳು. ಮುಂದಿನ ವಾರ ಹೊರಡ್ತಾಳೆ. ಅದೇ ಅಕ್ಕನ ಜೊತೆ..."

ಮಾತು ಅಲ್ಲಿಗೇ ನಿಂತಿತು. ಗಿರಾಕಿಯೊಬ್ಬರು ಬಂದರು, ನಾನ್ ಕೊಟ್ಟು ಕಳಿಸಿದೆ. ತಿರುಗಿದಾಗ ಅವಳು ತನ್ನ ಫೋನನ್ನು ಕಿವಿಗೆ ಹಿಡಿದಿದ್ದಳು.

"ಸಬೋಹತ್, ನಿಮ್ಮಮ್ಮಂಗೆ ಹೇಳಿದ್ಯೇನೇ? ಕೇಳು, ಆ ಅಕ್ಕ ಇಲ್ಲಿ ನನ್ನ ಚಿಕ್ಕಮ್ಮ ಅಂತ ಸುಳ್ಳು ಹೇಳಿದ್ಲು ಕಣೇ... ಇಲ್ವೇ, ಹೊಟ್ಟೆಕಿಚ್ಚು ಯಾಕೆ ನಂಗೆ? ಹಲೋ?"

ಅತ್ತ ಕಡೆಯಿಂದ ಸಬೋಹತ್ ಫೋನ್ ಇಟ್ಟುಬಿಟ್ಟಿದ್ದಳು. ಗುಲ್ಬಹೋರ್ ತೋಳಿನಿಂದ ಮೂಗು ಒರೆಸಿಕೊಂಡಳು. ಎದ್ದು ನಿಂತಳು, ಮತ್ತೆ ಕುಳಿತಳು. ಆಮೇಲೆ ಆ ನಂಬರನ್ನೇ ಇನ್ನೊಮ್ಮೆ ಒತ್ತಿದಳು.