ತಮ್ಮನ ಬೆನ್ನು

ಗೋದಾಮಿನಲ್ಲಿ ಮೂಟೆ ಹೊರುವವರೆಲ್ಲ ಬೆನ್ನಿನ ಸ್ಕ್ಯಾನ್ ಮಾಡಿಸಿ ತರಬೇಕು, ಇಲ್ಲದಿದ್ದರೆ ಕೆಲಸವಿಲ್ಲ ಎಂದು ಹೊಸ ಮಾಲೀಕರು ಅಪ್ಪಣೆ ಹೊರಡಿಸಿದಾಗ ನನ್ನ ಕೆಲಸ ಹೋಯಿತೆಂದೇ ಎಣಿಸಿದೆ. ಇಪ್ಪತ್ತೆರಡು ವರ್ಷ ಮೂಟೆ ಹೊತ್ತ ಬೆನ್ನು ನನ್ನದು. ಈಗೀಗ ಬೆಳಿಗ್ಗೆ ಹೆಂಡತಿ ತೋಳು ಹಿಡಿದು ಎಬ್ಬಿಸಿದರೇ ಏಳುವುದು. ಇದರ ಒಳಗೆ ಏನೇನು ಕಾಣುತ್ತದೋ ದೇವರೇ ಬಲ್ಲ.

ನನ್ನ ತಮ್ಮ ಅದೇ ಗೋದಾಮಿನಲ್ಲಿ ಚೀಲದ ಬಾಯಿ ಹೊಲಿಯುತ್ತಾನೆ. ಕೂತು ಮಾಡುವ ಕೆಲಸ, ಸ್ಕ್ಯಾನಿನ ಕಾಟವಿಲ್ಲ. ಒಂದು ದಿನವೂ ಸೊಂಟ ಹಿಡಿದುಕೊಂಡವನಲ್ಲ. ಮುಖವೂ ನನ್ನದೇ ಅಚ್ಚು. ನನ್ನ ಹೆಸರಿನಲ್ಲಿ ಅವನನ್ನು ಯಂತ್ರದೊಳಗೆ ಮಲಗಿಸಿದೆ. ಎಂಥ ಬುದ್ಧಿವಂತ ನಾನು!

ವರದಿಗೆ ನಾನೇ ಹೋದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಮೇಲಿನ ಡಿಸ್ಕುಗಳು ಬೆಳ್ಳಗಿದ್ದವು, ಅವುಗಳಲ್ಲಿ ನೀರಿನಂಶವಿದೆಯಂತೆ. ಕೆಳಗಿನ ಎರಡು ಒಣಗಿ ಕಪ್ಪಾಗಿ ಚಪ್ಪಟೆಯಾಗಿದ್ದವು, ಒಂದು ಹಿಂದಕ್ಕೆ ಉಬ್ಬಿತ್ತು. ನೋವಿಲ್ಲದವರಲ್ಲೂ ಹೀಗೆ ಕಾಣುವುದುಂಟು ಎಂದರು. ಆದರೂ ಭಾರ ಎತ್ತುವಂತಿಲ್ಲ ಎಂದೇ ಬರೆದರು. ತಮ್ಮನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ದಿಕ್ಕು ತೋಚದೆ ಇನ್ನೊಂದು ಆಸ್ಪತ್ರೆಯಲ್ಲಿ ಈ ಸಲ ನಾನೇ ಮಲಗಿದೆ. ನನ್ನ ಡಿಸ್ಕುಗಳಲ್ಲಿ ಒಂದೂ ಸೊರಗಿರಲಿಲ್ಲ. ನೋವು ಸ್ನಾಯುಗಳದ್ದಿರಬೇಕು, ಮೂಟೆ ಹೊರಲು ಅಡ್ಡಿಯಿಲ್ಲ ಎಂದರು. ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದೆ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ.

ಹೊಸ ಫಿಲ್ಮನ್ನು ಮ್ಯಾನೇಜರರ ಮುಂದಿಟ್ಟೆ. ಮೊದಲ ಆಸ್ಪತ್ರೆಯವರು ಆಗಲೇ ನೇರವಾಗಿ ಕಳಿಸಿದ್ದ ಹಳೆಯದರ ಪ್ರತಿಯನ್ನು ಅವರು ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು.

“ಒಣಗಿದ ಡಿಸ್ಕು ಇಪ್ಪತ್ತು ದಿನಕ್ಕೆ ಚಿಗುರಲ್ಲ. ಇದರಲ್ಲಿ ಒಂದು ನಿಂದಲ್ಲ. ಇಲ್ಲಿಯವರನ್ನ ಯಾರನ್ನಾದ್ರೂ ಮಲಗಿಸಿದ್ರೆ ಅವನನ್ನೂ ಮನೆಗೆ ಕಳಿಸ್ತೀನಿ.”

ಕಿಟಕಿಯಾಚೆ ತಮ್ಮ ತಲೆ ತಗ್ಗಿಸಿ ಚೀಲ ಹೊಲಿಯುತ್ತಿದ್ದ. ಅವನಿಗೆ ಇಬ್ಬರು ಪುಟ್ಟ ಮಕ್ಕಳು. ಆ ಬೆನ್ನಿನ ಚಿತ್ರ ನೋಡಿದ ಮೇಲೆ ಅವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ?

“ಕಪ್ಪಗಿರೋದು ನಂದು ಸಾರ್,” ಎಂದೆ. “ಇನ್ನೊಂದು ಹೊರಗಿನವನದು.”

ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಬಾಗಿಲಲ್ಲಿ ತಮ್ಮ ಎದುರಾದ. ದಾರಿಗಡ್ಡವಾಗಿದ್ದ ಮೂಟೆಯೊಂದನ್ನು ಸಲೀಸಾಗಿ ಎತ್ತಿ ಬದಿಗಿಟ್ಟು, ನಗುತ್ತಾ ಕೇಳಿದ:

“ನನ್ನ ಬೆನ್ನು ಪಾಸಾಯ್ತಾ ಅಣ್ಣ?”

“ಆಯ್ತು ಕಣೋ,” ಎಂದೆ. “ಆದ್ರೆ ನೀನು ಭಾರ ಎತ್ತಬೇಡ.”