ಏಳನೇ ಲೆವೆಲ್ಲಿನ ಅಳತೆ

ಗಂಡನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಬಟ್ಟೆ ನೆನೆಹಾಕುತ್ತಿದ್ದೆ. ಗಣಿಯ ಎಂಜಿನಿಯರ್ ವರದಿ ಹಿಡಿದು ಬಂದ.

"ಇಲ್ಲೊಂದು ಸಹಿ ಹಾಕಮ್ಮ. ಹಾಗೇ ಆ ಗುರುತ್ವ ಅಳೆಯೋ ಪೆಟ್ಟಿಗೆ ಕೊಟ್ಟುಬಿಡು. ವಿಶ್ವವಿದ್ಯಾಲಯಕ್ಕೆ ನಾವೇ ಮುಟ್ಟಿಸ್ತೀವಿ."

ಓದಿದೆ. 'ಎರವಲು ತಂದ ಯಂತ್ರ ಕೆಟ್ಟಿತ್ತು. ಏಳನೇ ಲೆವೆಲ್ಲಿನ ನೆಲ ಕುಸಿಯುವುದು ಯಾರಿಗೂ ಮೊದಲೇ ತಿಳಿಯುವಂತಿರಲಿಲ್ಲ.'

ನನ್ನ ಗಂಡನಿಗೆ ತಿಳಿದಿತ್ತು. ನಾಲ್ಕು ದಿನ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ್ದ: ಕೆಳಗಿಳಿದಂತೆ ಗುರುತ್ವ ಏರುತ್ತ ಬಂದಿದೆ, ಏಳನೆಯದರ ತುದಿಯಲ್ಲಿ ಮಾತ್ರ ಇಳಿದಿದೆ, ಅಡಿಯಲ್ಲಿ ಟೊಳ್ಳಿದೆ, ಜನರನ್ನು ಹೊರಗೆ ಕರೆಯಿರಿ. ಅದರ ಕೆಳಗೆ ಇದೇ ಎಂಜಿನಿಯರನ ಅಕ್ಷರ: 'ಆಳಕ್ಕೆ ಹೋದಂತೆ ಗುರುತ್ವ ಕಡಿಮೆಯಾಗುವುದು ಸಹಜ. ಕೆಲಸ ಮುಂದುವರಿಯಲಿ.'

ನನ್ನ ಗಂಡ ಯಂತ್ರವನ್ನು ಮನೆಯಲ್ಲಿಟ್ಟು, ಜನರನ್ನು ತಾನೇ ಕರೆತರಲು ಇಳಿದ. ಜನ ಬಂದರು.

"ಕಡಿಮೆಯಾಗುತ್ತೆ ಅಂತ ಎಲ್ಲಿ ಓದಿದ್ರಿ?"

"ಶಾಲೆ ಪುಸ್ತಕದಲ್ಲೇ ಇದೆಯಲ್ಲಮ್ಮ. ಭೂಮಿಯ ನಟ್ಟನಡುವೆ ತೂಕ ಸೊನ್ನೆ."

"ಆ ಪುಸ್ತಕದ ಭೂಮಿ ಒಳಗೂ ಹೊರಗೂ ಒಂದೇ ಕಲ್ಲು. ನಾವು ನಿಂತಿರೋದು ಹಾಗಿಲ್ಲ. ಇಳಿದಾಗ ತಲೆ ಮೇಲೆ ಉಳಿದ ಪದರ ನಮ್ಮನ್ನ ಎಳೆಯಲ್ಲ, ನಿಜ. ಆದರೆ ಅದು ಹಗುರ. ಭೂಮಿಯ ಒಡಲು ಭಾರ, ಅದಕ್ಕೆ ಹತ್ತಿರ ಆಗ್ತೀವಿ. ನಿಮ್ಮ ಗಣಿಯಷ್ಟು ಆಳದಲ್ಲಿ ಗುರುತ್ವ ಹೆಚ್ಚಲೇಬೇಕು. ಕಡಿಮೆಯಾಯ್ತು ಅಂದರೆ ಕಾಲಡಿ ಕಲ್ಲಿಲ್ಲ ಅಂತ ಅರ್ಥ."

"ಈಗ ಅದೆಲ್ಲ ಯಾಕಮ್ಮ? ಯಂತ್ರ ಹಳೇದು..."

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನೀನು ಪೆಟ್ಟಿಗೆ ಡೊಂಕು ಅಂತೀಯಾ? ಏಳಯ್ಯ ಮೇಲೆ."

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೋದೆ. ಪ್ರಯೋಗಾಲಯದ ನೆಲದಲ್ಲಿ ಒಂದು ಹಿತ್ತಾಳೆ ಬಿಲ್ಲೆಯಿದೆ. ಯಂತ್ರ ಒಯ್ಯುವಾಗ ಅದರ ಮೇಲಿಟ್ಟು ಅಂಕಿ ಬರೆಯುತ್ತಾರೆ. ತಂದಾಗ ಅಲ್ಲೇ ಮತ್ತೆ ಓದುತ್ತಾರೆ. ಎರಡೂ ಹೊಂದಿದರೆ ನಡುವಿನ ಅಳತೆಗಳನ್ನು ನಂಬಬಹುದು.

ನಾನು ಬಗ್ಗಿದೆ. ಉಸ್ತುವಾರಿಯ ಮುದುಕರು ತಡೆದರು.

"ನೀವು ಮುಟ್ಟಬೇಡಿ ತಾಯಿ. ಹೆಂಡತಿ ಓದಿದ್ದು ಅಂತಾರೆ. ನಾನೇ ನೋಡ್ತೀನಿ."

ಮೂರು ಸಲ ಓದಿದರು. ಒಳಗಿನ ಸ್ಪ್ರಿಂಗು ದಿನ ಕಳೆದಂತೆ ಸಹಜವಾಗಿ ಹಿಗ್ಗುವಷ್ಟನ್ನು ಲೆಕ್ಕದಲ್ಲಿ ಕಳೆದರು. ಕನ್ನಡಕ ತೆಗೆದರು.

"ಕೂದಲೆಳೆಯಷ್ಟೂ ಕೆಟ್ಟಿಲ್ಲ."

"ಹಾಗಂತ ಬರೆದುಕೊಡಿ. ತನಿಖೆಯವರಿಗೆ ಒಂದು ಪ್ರತಿ, ಗಣಿಗೆ ಒಂದು."

ಬರೆದರು. ನೋಟ್‌ಬುಕ್ಕಿನ ಆ ಪುಟದ ಜೊತೆ ಎರಡನ್ನೂ ಚೀಲಕ್ಕೆ ಹಾಕಿಕೊಂಡೆ. ಪೆಟ್ಟಿಗೆಯ ಬೀಗದ ಕೈಯನ್ನು ಅವರ ಮುಂದಿಟ್ಟೆ.